ಕೋಲು, ತಟ್ಟೆ ಮತ್ತು ಹನ್ನೆರಡು ಅಡಿ ರಾವಣ

ಬಳ್ಳಾರಿಯ ಮೇ ತಿಂಗಳಲ್ಲಿ ಮಕ್ಕಳನ್ನು ಒಂದು ಕಡೆ ಕೂರಿಸುವುದೇ ಸಾಹಸ. ನಾನು ಅವರ ಕೈಗೆ ಕೋಲನ್ನೂ ಕೊಟ್ಟೆ. ಬೇಸಿಗೆ ಶಿಬಿರದವರು ‘ಕಲೆಯ ಮೂಲಕ ಗಣಿತ’ ಎಂದು ಕರಪತ್ರ ಹಂಚಿ, ಗಣಿತದಲ್ಲಿ ಎಂ.ಎಸ್ಸಿ. ಆದವನೆಂದು ನನ್ನನ್ನು ಕರೆಸಿದ್ದರು. ಕಲೆಯಲ್ಲಿ ನನ್ನ ಸಾಧನೆ ಎಂದರೆ ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡಿನವರ ಹಿಂದೆ ನಡೆದದ್ದು, ಅದೂ ತಾಳ ತಪ್ಪಿ.

ಕೋಲಾಟಕ್ಕೆ ಒಳಸುತ್ತಿನಲ್ಲಿ 12, ಹೊರಸುತ್ತಿನಲ್ಲಿ 12 ಮಕ್ಕಳು. ಒಂದೊಂದು ಪದ ಮುಗಿದಾಗಲೂ ಒಳಗಿನವರು 4 ಜಾಗ ಸರಿಯಬೇಕೆಂದೆ. 12 ಮತ್ತು 4ರ ಮಹತ್ತಮ ಸಾಮಾನ್ಯ ಅಪವರ್ತನ (ಮಸಾಅ) 4. ಹಾಗಾಗಿ ಯಾರಿಗೇ ಆಗಲಿ ಮೂವರೇ ಜೊತೆಗಾರರು, ಮೂರನೇ ಸಲ ಸರಿದರೆ ಮತ್ತೆ ಮೊದಲಿನವರೇ ಎದುರು. ಕಪ್ಪುಹಲಗೆಯ ಮೇಲೆ ಇದು ಬಹಳ ಸುಂದರ. ಆದರೆ ಕ್ರಿಕೆಟ್ ಬ್ಯಾಟಿನ ವಿಚಾರಕ್ಕೆ ಮಾತು ಬಿಟ್ಟಿದ್ದ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಿಬ್ಬರನ್ನು ನನ್ನ ಮಸಾಅ ಮೂರು ಪದಕ್ಕೊಮ್ಮೆ ತಪ್ಪದೆ ಮುಖಾಮುಖಿ ನಿಲ್ಲಿಸುತ್ತಿತ್ತು. ಕೋಲಿಗೆ ಕೋಲು ತಾಗಬೇಕಾದಲ್ಲಿ ಕೋಲಿಗೆ ಬೆರಳು ತಾಗುತ್ತಿತ್ತು.

‘ಐದ್ ಜಾಗ ಸರಿಸ್ರಿ ಸಾರ್’ ಅಂದಳು ಆರನೇ ತರಗತಿಯ ಹುಡುಗಿ, ‘ಎಲ್ಲಾರ್ನೂ ಮುಗಿಸಿ ಬರೋತನಕ ಇವ್ರು ಒಬ್ರಿಗೊಬ್ರು ಸಿಗಂಗಿಲ್ಲ.’ ಸರಿಯಾದ ಲೆಕ್ಕ! 5 ಮತ್ತು 12ಕ್ಕೆ 1ನ್ನು ಬಿಟ್ಟರೆ ಸಾಮಾನ್ಯ ಅಪವರ್ತನವಿಲ್ಲ. ಸರಿಸಿದೆ. ಅಲ್ಲಿಯವರೆಗೆ ಇಬ್ಬರ ನಡುವೆ ಇದ್ದ ಜಗಳ 12 ಮಂದಿಗೂ ಸಮನಾಗಿ ಭಾಗವಾಯಿತು. ಶೇಷವಾಗಿ ಉಳಿದದ್ದು ನಡುವೆ ನಿಂತು ತಾಳ ಎಣಿಸುತ್ತಿದ್ದ ನಾನು. ಹೊಡೆತವೆಲ್ಲ ನನಗೇ.

ಮುಂದಿನ ಶಿಬಿರ ಸಿರುಗುಪ್ಪದಲ್ಲಿ. ಅಲ್ಲಿ ಕೋಲಿನ ತಂಟೆಗೇ ಹೋಗಲಿಲ್ಲ. ಬಯಲಾಟದ ಸೀಮೆಯಲ್ಲವೇ, ಷಟ್ಪದಿ ಹಿಡಿಯೋಣ ಎಂದುಕೊಂಡೆ. ಕುಮಾರವ್ಯಾಸ ನೆಚ್ಚಿದ ಭಾಮಿನಿಯಲ್ಲಿ ನಾಲ್ಕು ಸಾಲಿಗೆ 14ರಂತೆ, ಉಳಿದ ಎರಡಕ್ಕೆ 23ರಂತೆ ಒಟ್ಟು 102 ಮಾತ್ರೆ. ಲಕ್ಷ್ಮೀಶನ ವಾರ್ಧಕದಲ್ಲಿ 20 ಮತ್ತು 32ರ ಲೆಕ್ಕ, ಒಟ್ಟು 144, ಅಂದರೆ ಸರಿಯಾಗಿ 12ರ ವರ್ಗ. (ಇದನ್ನು ಕಂಡುಕೊಂಡ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಮಕ್ಕಳಿಗೆ ಹೇಳುತ್ತಿದ್ದಂತೆಯೇ ಬಂತು, ಅವರಿಗೆ.) ಎಬ್ಬಿಸಲು ಊಟದ ಸ್ಟೀಲ್ ತಟ್ಟೆ ಕೊಟ್ಟು, ಭಾಮಿನಿಯ ಲಯದಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಬಡಿಯಿರಿ ಅಂದೆ. ಬಡಿದರು. ಹಸಿದ ಮಕ್ಕಳು ದಂಗೆ ಎದ್ದಿದ್ದಾರೆಂದು ತಿಳಿದ ಅಡುಗೆಯವರು ಹನ್ನೊಂದು ಗಂಟೆಗೇ ಪಾತ್ರೆ ಇಳಿಸಿಬಿಟ್ಟರು. ಸೋನಾ ಮಸೂರಿ ಬೆಳೆಯುವ ಊರಿನಲ್ಲಿ ಅಷ್ಟೂ ಜನ ಅಕ್ಕಿಗೂ ಅನ್ನಕ್ಕೂ ನಡುವಿನ ಏನನ್ನೋ ತಿಂದೆವು.

ಕುರುಗೋಡಿನಲ್ಲಿ ತೊಗಲುಗೊಂಬೆ. ಬೆಳಗಲ್ಲು ವೀರಣ್ಣನವರು ಜೀವ ತುಂಬಿದ ಕಲೆ ಅದು. ನನ್ನ ಕೈಲಿದ್ದದ್ದು ರಟ್ಟಿನ ರಾವಣ. ಬಲ್ಲವರು ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದು ಆಡಿಸುತ್ತಾರೆ, ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯನ್ನೇ ದೊಡ್ಡದು ಚಿಕ್ಕದು ಮಾಡಿಕೊಂಡಿರುತ್ತಾರೆ. ನಾನು ಸಮರೂಪ ತ್ರಿಭುಜ ಕಲಿಸಬೇಕಿತ್ತಲ್ಲ, ಅದಕ್ಕೆ ದೂರ ಹಿಡಿದೆ. ಬಲ್ಬಿನಿಂದ ಪರದೆಗೆ 6 ಅಡಿ, ಗೊಂಬೆಯ ಎತ್ತರ 1 ಅಡಿ. ಬಲ್ಬಿಗೆ 3 ಅಡಿಯಲ್ಲಿ ಹಿಡಿದರೆ ನೆರಳು 2 ಅಡಿ, 2 ಅಡಿಯಲ್ಲಿ ಹಿಡಿದರೆ 3.

‘ನಮ್ಮೂರ ಗುಡಿಯ ನಂದಿ ದೊಡ್ಡಬಸಪ್ಪನಷ್ಟು ಮಾಡ್ರಿ ಸಾರ್!’

ಅರ್ಧ ಅಡಿಗೆ ತಂದೆ. 12 ಅಡಿಯ ರಾವಣ ಪರದೆ ದಾಟಿ ಗೋಡೆ ಹತ್ತಿ ಸೂರಿಗೆ ತಲೆಗಳನ್ನು ತಗುಲಿಸಿದ. ಮುಂದಿನ ಸಾಲಿನ ಚಿಕ್ಕವರು ಅಳಲು ಶುರು ಮಾಡಿದರು. ಅಷ್ಟರಲ್ಲಿ ಒಬ್ಬ ಗೊಂಬೆಯನ್ನು ನನ್ನ ಕೈಯಿಂದ ಕಿತ್ತು ಬಲ್ಬಿಗೇ ಅಂಟಿಸಿ, ‘ಈಗ ಸೊನ್ನಿ ಅಡಿ. ರಾವಣ ಎಷ್ಟ್ ಅಡಿ ಸಾರ್?’ ಅಂದ.

ಎಂಥ ಪ್ರಶ್ನೆ! ಸೊನ್ನೆಯಿಂದ ಭಾಗಿಸಬಾರದು ಏಕೆಂದು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕೀತೇ? ಗಂಟಲು ಸರಿಮಾಡಿಕೊಂಡೆ. ಕೋಣೆ ಕತ್ತಲಾದದ್ದನ್ನು ಕಂಡು ಹಿಂದಿನಿಂದ ಯಾರೋ ‘ಕರೆಂಟ್ ಹೋತು!’ ಎಂದು ಕೂಗಿದರು. ಇಡೀ ತರಗತಿ ಚಪ್ಪಲಿ ಹುಡುಕಿಕೊಂಡು ಮನೆಗೆ ಓಡಿತು.

ಗೇಟಿನ ಬಳಿ ಒಬ್ಬ ತಾಯಿ ಮಗನ ಕಿವಿ ಹಿಡಿದು ಕೇಳುತ್ತಿದ್ದರು: ‘ಇವತ್ತು ಏನ್ ಕಲ್ತಿ?’

‘ಕರೆಂಟ್ ಹೋತಬೇ.’