ಆಟಿಗೂ ಬಂತು ಬಫೆ

ಆಟಿಯಲ್ಲಿ ಶುಭಕಾರ್ಯ ಇಲ್ಲ. ಹಾಗಾಗಿ ಪುತ್ತೂರು, ಸುಳ್ಯ, ಕಡಬದ ಸಭಾಭವನಗಳು ಆ ತಿಂಗಳು ಬಾಗಿಲು ಹಾಕಿಕೊಂಡು ನೊಣ ಹೊಡೆಯುತ್ತಿದ್ದವು. ಈಗ ಆ ಕಷ್ಟ ತೀರಿದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಸಂಘ, ಬ್ಯಾಂಕು, ಕಾಲೇಜು, ಕ್ಲಬ್ಬು, ಜಾತಿಗೊಂದು ಮಹಿಳಾ ಘಟಕ, ಎಲ್ಲರದೂ 'ಆಟಿಡೊಂಜಿ ದಿನ'. ತಿಂಗಳಿಗೆ ನಾಲ್ಕೈದೇ ಭಾನುವಾರ ಇಟ್ಟದ್ದು ಪಂಚಾಂಗದವರ ತಪ್ಪು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಟಿ ಎಂದರೆ ತುಳುನಾಡಿನ ಹಸಿವಿನ ತಿಂಗಳು. ಅಕ್ಕಿಮುಡಿ ಬರಿದಾಗಿ, ಹೊಸ ಪೈರು ಇನ್ನೂ ಗದ್ದೆಯಲ್ಲೇ ನಿಂತು, ಬಿಡದ ಮಳೆಯಲ್ಲಿ ಕೂಲಿಯೂ ಇಲ್ಲದೆ ಜನ ಗುಡ್ಡೆಯ ತಜಂಕು, ತೋಡಿನ ಬದಿಯ ತೇವು, ಬಿದಿರಿನ ಕಣಿಲೆ, ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆ ತಿಂದು ದಿನ ದೂಡುತ್ತಿದ್ದರು. ಈಗ ಇವೇ ತಜಂಕಿನ ಅಂಬಡೆ, ಪತ್ರೊಡೆ, ಕಣಿಲೆ-ಪದೆಂಗಿ ಗಸಿಯಾಗಿ ಬಫೆ ಮೇಜಿನ ಮೇಲೆ ಹಬೆಯಾಡುತ್ತವೆ. ಪಕ್ಕದಲ್ಲಿ ಕೋರಿ ಸುಕ್ಕ, ಕೊನೆಗೆ ಐಸ್‌ಕ್ರೀಮು. 'ನಮ್ಮ ಹಿರಿಯರು ಎಂಥ ಆರೋಗ್ಯಕರ ಆಹಾರ ತಿನ್ನುತ್ತಿದ್ದರು' ಎಂದು ಮುಖ್ಯ ಅತಿಥಿಗಳು ಕಣ್ಣರಳಿಸುತ್ತಾರೆ. ಹಿರಿಯರನ್ನು ಕೇಳಿದ್ದರೆ ಅವರು ಅನ್ನವನ್ನೇ ತಿನ್ನುತ್ತಿದ್ದರು.

ಬಫೆಗೆ ಮೊದಲು ಕಳೆಂಜ ಬರಬೇಕು. ನಲಿಕೆ ಸಮುದಾಯದವರು ಕಟ್ಟುವ ಈ ಆಟಿ ಕಳೆಂಜ ತೆಂಗಿನ ತಿರಿ ಸುತ್ತಿಕೊಂಡು, ಓಲೆಕೊಡೆ ತಿರುಗಿಸುತ್ತ, ತೆಂಬರೆಯ ಸದ್ದಿಗೆ ಕುಣಿಯುತ್ತ ಮನೆಮನೆಗೆ ಹೋಗಿ ಮಾರಿ ಓಡಿಸುತ್ತಿದ್ದ. ಮನೆಯೊಡತಿ ಗೆರಸೆಯಲ್ಲಿ ಅಕ್ಕಿ, ಉಪ್ಪು, ಹುಳಿ, ಮೆಣಸು, ಅರಶಿನ, ಮಸಿ ಇಟ್ಟು ಕೊಡುತ್ತಿದ್ದಳು. ಈಗ ಅವನಿಗೆ ಅತಿಥಿಗಳನ್ನು ಗೇಟಿನಿಂದ ವೇದಿಕೆಗೆ ಕರೆತರುವ ಕೆಲಸ. ನಿರೂಪಕಿ 'ದಯವಿಟ್ಟು ಬೇಗ' ಎಂದು ಮೈಕಿನಲ್ಲೇ ಹೇಳುತ್ತಾಳೆ. ಸೆಲ್ಫಿ ಮುಗಿದ ಮೇಲೆ ಅಕ್ಕಿಯ ಬದಲು ಫೈಬರಿನ ಸ್ಮರಣಿಕೆ. ಅದು ಎಷ್ಟು ಹೊತ್ತು ಬೇಯಿಸಿದರೂ ಮೆತ್ತಗಾಗುವುದಿಲ್ಲ.

ಇನ್ನು 'ಕೆಸರ್ಡೊಂಜಿ ದಿನ'. ಇದಕ್ಕೆ ಗದ್ದೆ ಬೇಕು, ಗದ್ದೆಯೋ ಅಡಿಕೆ ತೋಟವಾಗಿ ಕೂತಿದೆ. ಎಲ್ಲೋ ಉಳಿದ ಒಂದು ಹಡಿಲು ಗದ್ದೆ ಹುಡುಕಿ, ಟಿಲ್ಲರ್ ಬಿಟ್ಟು ಹದ ಮಾಡಿ, ಹಗ್ಗಜಗ್ಗಾಟ, ಹಾಳೆ ಎಳೆತ ನಡೆಸುತ್ತಾರೆ. ಹೋಮ್‌ಸ್ಟೇಗೆ ಬಂದ ಬೆಂಗಳೂರಿನವರಿಗೆ ಇದು 'ಮಣ್ಣಿನ ಅನುಭವ'. ಸಂಜೆಗೆ ಗದ್ದೆ ಚೆನ್ನಾಗಿ ಉತ್ತಂತಾಗಿರುತ್ತದೆ, ನೇಜಿ ನೆಟ್ಟರಾಯಿತು ಅಷ್ಟೆ. ಆ ಒಂದನ್ನು ಮಾತ್ರ ಯಾರೂ ಮಾಡುವುದಿಲ್ಲ, ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲವಲ್ಲ.

ಪುತ್ತೂರಿನಲ್ಲೇ ಬಾಳಿದ ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಚೋಮ ಬೇಡಿದ್ದು ಸಾಗುವಳಿಗೆ ಒಂದು ತುಂಡು ನೆಲ. ದುಡಿ ಅವನಲ್ಲಿ ಮೊದಲೇ ಇತ್ತು. ನಾವು ಕಾದಂಬರಿಯನ್ನು ಶ್ರದ್ಧೆಯಿಂದ ಓದಿ, ನೆಲವನ್ನು ಅಲ್ಲೇ ಬಿಟ್ಟು, ದುಡಿಯನ್ನು ವೇದಿಕೆಗೆ ಹತ್ತಿಸಿದೆವು.

ಈ ಜಾಣತನದಲ್ಲಿ ನಾವು ಒಂಟಿಯಲ್ಲ ಎಂಬುದೇ ಸಮಾಧಾನ. ಬ್ರೆಜಿಲಿನಲ್ಲಿ ಕಿಲೊಂಬೊಲ ಎಂಬ ಸಮುದಾಯಗಳಿವೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ನೆಲೆ ಕಟ್ಟಿಕೊಂಡ ಆಫ್ರಿಕನ್ನರ ಸಂತತಿ ಅವರದು. ಅವರು ಕೂತ ನೆಲ ಅವರದೇ ಎಂದು ಅಲ್ಲಿನ ಸಂವಿಧಾನ 1988ರಲ್ಲೇ ಬರೆಯಿತು. ಹಕ್ಕುಪತ್ರಕ್ಕೆ ಬಹಳಷ್ಟು ಊರುಗಳು ಇನ್ನೂ ಕಾಯುತ್ತಿವೆ. ಹಬ್ಬ ನೋಡುವ ಪ್ರವಾಸಿಗಳು ಮಾತ್ರ ಹೊತ್ತಿಗೆ ಸರಿಯಾಗಿ ಬಸ್ಸಿಳಿಯುತ್ತಾರೆ. ಕಡಬ ತಾಲೂಕಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಕ್ಕೆಯ ಚಂಪಾಷಷ್ಠಿಗೆ ಕಾಡಿನ ಬೆತ್ತ ತಂದು ಬ್ರಹ್ಮರಥ ಕಟ್ಟುವುದು ಬುಡಕಟ್ಟಿನ ಮಲೆಕುಡಿಯರು. ರಥದ ಫೋಟೋ ಎಲ್ಲರ ಮೊಬೈಲಿನಲ್ಲೂ ಇದೆ. ಅವರಂಥವರಿಗೆ ಕಾಡಿನ ನೆಲದ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಅದರ ಅರ್ಜಿಯೊಂದಿಗೆ ಸೆಲ್ಫಿ ತೆಗೆದುಕೊಂಡ ಪ್ರವಾಸಿಯನ್ನು ನಾನಂತೂ ಕಂಡಿಲ್ಲ.

ಹಾಗೆಂದು ಆಟಿಯಲ್ಲಿ ಈಗ ಯಾರಿಗೂ ಕೆಲಸವಿಲ್ಲ ಎಂದುಕೊಳ್ಳಬೇಡಿ. ಅಡಿಕೆಗೆ ಕೊಳೆರೋಗ ಹಿಡಿಯುವ ಕಾಲ ಇದು. ಮಳೆ ನಾಲ್ಕು ತಾಸು ಬಿಟ್ಟರೆ ಸಾಕು, ಮೈಲುತುತ್ತು-ಸುಣ್ಣದ ಮದ್ದು ಬಿಡಲು ಮರ ಹತ್ತುವವನಿಗೆ ಮೂರು ತಾಲೂಕಿನ ಫೋನು ಒಟ್ಟಿಗೆ ಬಡಿದುಕೊಳ್ಳುತ್ತದೆ. ಹಸಿವಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ ಅಧ್ಯಕ್ಷರೂ ವೇದಿಕೆ ಇಳಿದು ಅದೇ ನಂಬರು ಒತ್ತಿದರು.

'ಬಿಸಿಲು ಬಿದ್ದಿದೆ ಮಾರಾಯ, ಈಗಲೇ ತೋಟಕ್ಕೆ ಬಾ. ಎಲ್ಲಿದ್ದಿ?'

'ಇಲ್ಲೇ ಅಣ್ಣೇರೇ, ನಿಮ್ಮ ಹಾಲ್‌ನ ಹಿಂದೆ. ಬೆಳಿಗ್ಗೆ ನಿಮ್ಮನ್ನು ಕುಣಿದು ಕರ್ಕೊಂಡು ಬಂದದ್ದು ನಾನೇ ಅಲ್ವಾ? ಮುಖದ ಬಣ್ಣ ತೆಗೀಲಿಕ್ಕೆ ನೀರು ಎಲ್ಲಿ ಸಿಗ್ತದೆ, ಸ್ವಲ್ಪ ಕೇಳಿ ಹೇಳಿ.'