ಗಟ್ಟಿ ಮುದ್ದೆಯ ಜತೆ ಮೆತ್ತನೆಯ ಮಾತುಕತೆ

ಕೊರಟಗೆರೆ ಬಸ್ ನಿಲ್ದಾಣದ ಆಸುಪಾಸಿನ ಒಂದು ಹೋಟೆಲ್. ಮಧ್ಯಾಹ್ನದ ಊಟದ ಹೊತ್ತು. ಎದುರಿನ ಟೇಬಲ್ಲಿನಲ್ಲಿ ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ಬಿಳಿ ಅಂಗಿಯ ಮುಖಂಡರೊಬ್ಬರು ಬಗ್ಗಲಾರದೆ ಕೂತಿದ್ದಾರೆ. ನನ್ನ ತಟ್ಟೆಗೆ ಬಂದ ರಾಗಿಮುದ್ದೆ ಹಬೆಯಾಡುತ್ತಲೇ ಸಂದರ್ಶನಕ್ಕೆ ಒಪ್ಪಿತು. ಷರತ್ತು ಒಂದೇ: ಆರುವುದರೊಳಗೆ ಮುಗಿಸಬೇಕು.

ನಿಮ್ಮನ್ನು ‘ಗಟ್ಟಿ’ ಅಂತಾರೆ. ಅದು ಹೊಗಳಿಕೆಯೋ, ದೂರೋ?

ಎರಡೂ ಕಣಪ್ಪ. ಕೂಲಿಗೆ ಹೊರಟವನು ‘ಗಟ್ಟಿಯಾಗಿ ತಿರುವವ್ವ, ಸಂಜೆಗಂಟ ಹೊಟ್ಟೇಲಿ ನಿಲ್ಲಬೇಕು’ ಅಂತಾನೆ. ಹಲ್ಲಿಲ್ಲದ ಅಜ್ಜ ‘ವಸಿ ಮೆತ್ತಗಿರಲಿ’ ಅಂತಾನೆ. ಆದರೆ ಗಟ್ಟಿ ಬೇರೆ, ಬಿಗಿ ಬೇರೆ, ಸೆಟೆದುಕೊಳ್ಳೋದು ಬೇರೆ. ಮನೆ ನಿಭಾಯಿಸೋಳು ಗಟ್ಟಿಗಿತ್ತಿ. ಮಂತ್ರಿ ಬಂದರೆ ಬಂದೋಬಸ್ತು ಬಿಗಿ. ಅರ್ಜಿ ಹಿಡಕೊಂಡು ನಿಂತರೆ ಗುಮಾಸ್ತ ಸೆಟೆದುಕೊಳ್ತಾನೆ.

ನೀವು ಗಟ್ಟಿಯಾಗೋದು ಹೇಗೆ?

ಎಸರು ಕುದೀಬೇಕು. ವಸಿ ಹಿಟ್ಟು ಕದಡಿ ಗಂಜಿ ಕಾಯಿಸ್ತಾರೆ. ಆಮೇಲೆ ಉಳಿದ ಹಿಟ್ಟನ್ನ ಗುಡ್ಡೆಯಾಗಿ ಸುರಿದು ಕೈಯಾಡಿಸದೆ ಬಿಡ್ತಾರೆ. ಹೊಸ ಸೊಸೆ ಸೋಲೋದು ಅಲ್ಲೇ: ಅವಸರಪಟ್ಟು ಕೋಲು ಆಡಿಸಿದರೆ ಗಂಟು. ಬೆಂದಮೇಲೆ ಪಾತ್ರೆ ಅಲ್ಲಾಡದಂಗೆ ಹಿಡಿದು, ರಟ್ಟೆ ಬೀಳೋ ಹಾಗೆ ತಿರುವಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಬೇಕು. ನನ್ನ ಗಟ್ಟಿತನ ಆ ರಟ್ಟೆಯದು.

ಎದುರಿಗಿರುವ ಅಂಗಿಯೂ ಗಟ್ಟಿಯಾಗೇ ಇದೆಯಲ್ಲ?

ನಮ್ಮ ದಾಯಾದಿ! ಅದೂ ನಿಂತಿರೋದು ಗಂಜಿ ಮೇಲೇ. ಗಂಜಿಯ ಪಿಷ್ಟ ನೂಲಿಗೆ ಅಂಟಿ ಒಣಗಿದರೆ ಬಟ್ಟೆ ಗರಿಗರಿ. ನಾಲ್ಕು ಹನಿ ಬೆವರು ಬಿದ್ದರೆ ಮುದುರಿತು. ಅದಕ್ಕೇ ನೋಡು, ಆ ಅಂಗಿ ತೊಟ್ಟವರು ಬೆವರೋ ಕೆಲಸಕ್ಕೆ ಹೋಗಲ್ಲ.

ಪಕ್ಕದ ಮಧುಗಿರಿ ಬೆಟ್ಟಕ್ಕಿಂತಲೂ ಗಟ್ಟಿಯೇ ನೀವು?

ಅದು ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಏಕಶಿಲೆ ಕಣಪ್ಪ. ಅದಕ್ಕೂ ಮೆಟ್ಟಿಲು ಕಡಿದು ಜನ ಹತ್ತಿದರು. ನನಗೆ ಎರಡು ಬೆರಳು, ಬಸ್ಸಾರು ಸಾಕು.

ಆರಿದರೆ ನೀವೂ ಕಲ್ಲಾಗ್ತೀರಿ.

ಸುಳ್ಳಲ್ಲ. ತಣ್ಣಗಾದರೆ ಪಿಷ್ಟ ಬಿಗಿದುಕೊಳ್ಳುತ್ತೆ. ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ ಹಾಕಿ ಕಿವುಚಿದರೆ ತಂಗಳು ಮುದ್ದೆಯೂ ದಾರಿಗೆ ಬರುತ್ತೆ. ಕುರ್ಚೀಲಿ ಬಿಗಿದುಕೊಂಡವರಿಗೆ ನಿವೃತ್ತಿಯೇ ಮಜ್ಜಿಗೆ. ಮಾರನೇ ದಿನದಿಂದ ಅವರೇ ‘ಚೆನ್ನಾಗಿದ್ದೀಯೇನಪ್ಪ’ ಅಂತ ಕೂಗಿ ಮಾತಾಡಿಸ್ತಾರೆ.

ನಿಮ್ಮ ವಂಶದವರು ಜೈಲಿಗೂ ಹೋಗಿದ್ದರಂತೆ?

ಕನಕದಾಸರ ‘ರಾಮಧಾನ್ಯ ಚರಿತೆ’ ಓದು. ಭತ್ತಕ್ಕೂ ರಾಗಿಗೂ ಯಾರು ಮೇಲು ಅಂತ ಜಗಳ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸಿದ. ಭತ್ತ ಕಂಗೆಟ್ಟಿತು, ನಾವು ಹೋದಂಗೇ ಹೊರಗೆ ಬಂದೆವು. ಜಾಮೀನು ಕೇಳಲಿಲ್ಲ, ಎದೆನೋವು ಅಂತ ಆಸ್ಪತ್ರೆ ಸೇರಲಿಲ್ಲ.

ಓದುಗರಿಗೆ ಕೊನೆಯದಾಗಿ ಏನು ಹೇಳ್ತೀರಿ?

ಓದುಗರಿಗಲ್ಲ, ಖರೀದಿ ಕೇಂದ್ರದಲ್ಲಿ ರಾಗಿ ಕೊಳ್ಳೋರಿಗೆ. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಪಹಣಿಯ ಹೆಸರಿಗೂ ಆಧಾರಿನ ಹೆಸರಿಗೂ ಒಂದು ದೀರ್ಘಾಕ್ಷರದ ವ್ಯತ್ಯಾಸ ಅಂತ ಸೆಟೆದುಕೊಂಡು, ಮೂಟೆ ಹೊತ್ತು ತಂದವನನ್ನ ಬಿಸಿಲಲ್ಲಿ ನಿಲ್ಲಿಸಬೇಡಿ. ತೂಕ ಹಾಕಿ, ದುಡ್ಡು ಬೇಗ ಕೊಡಿ.