ಉಣುಗಿಗೊಂದು ಸುತ್ತೋಲೆ

ಸಂಶೋಧನೆಗೆ ದುಡ್ಡು ಮಂಜೂರು ಮಾಡುವ ಮಾನ್ಯರೇ,

ಸೊರಬ ಸೀಮೆಯ ಕ್ಯಾಸನೂರು ಕಾಡಿನ ಹೆಸರು ಹೊತ್ತ ಉಣುಗು ಕಚ್ಚಿ ಹರಡುವ ನಮ್ಮ ಮಂಗನ ಕಾಯಿಲೆ ಬೆಳಕಿಗೆ ಬಂದದ್ದು 1957ರಲ್ಲಿ. ನೌಕರಿಯಲ್ಲಿದ್ದಿದ್ದರೆ ಈ ಹೊತ್ತಿಗೆ ಪಿಂಚಣಿ ಎಣಿಸುತ್ತಿತ್ತು. ಅದನ್ನು ಇನ್ನೂ ಸೇವೆಯಲ್ಲಿ ಮುಂದುವರಿಸಿದ್ದಕ್ಕೆ ಮಲೆನಾಡಿನವರ ಕೃತಜ್ಞತೆಗಳು.

ಒಂದು ಕಾಲದಲ್ಲಿ ಇದಕ್ಕೆ ಭಾರೀ ಮರ್ಯಾದೆಯಿತ್ತು. ರಷ್ಯಾದ ಮಿದುಳುಜ್ವರದ ವೈರಸ್ಸಿಗೂ ಇದಕ್ಕೂ ನಂಟು ಕಂಡು, ಸೈಬೀರಿಯಾದ ಹಕ್ಕಿಗಳೇ ಹೊತ್ತು ತಂದವೋ ಏನೋ ಎಂದು ದೊಡ್ಡವರೆಲ್ಲ ತಲೆಕೆಡಿಸಿಕೊಂಡರು. ಪಕ್ಷಿತಜ್ಞ ಸಲೀಂ ಅಲಿಯವರ ತಂಡ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಬೆನ್ನಿಗೆ ರಾಕ್‌ಫೆಲರ್ ಪ್ರತಿಷ್ಠಾನದ ಡಾಲರು ಇತ್ತು. ಕೊನೆಗೆ ನೋಡಿದರೆ ಪರದೇಶದ್ದಲ್ಲ, ನಮ್ಮ ಸೊಪ್ಪಿನಬೆಟ್ಟದ್ದೇ ಸರಕು! ಹಿತ್ತಲ ಗಿಡ ಮದ್ದಲ್ಲ ಎಂದು ಕೇಳಿದ್ದೆವು. ಹಿತ್ತಲ ರೋಗ ರೋಗವೂ ಅಲ್ಲವೆಂದು ಆಮೇಲೆ ತಿಳಿಯಿತು.

1990ರಿಂದ ಹಾಕುತ್ತಿದ್ದ ಲಸಿಕೆಯ ಶಕ್ತಿ ಕುಂದಿತೆಂದು 2022ರಲ್ಲಿ ನಿಲ್ಲಿಸಿದಿರಿ. ಹೊಸದು ಇನ್ನೂ ಪ್ರಯೋಗದಲ್ಲಿದೆ. ಅಲ್ಲಿಯ ತನಕ ಉಣುಗು ಹತ್ತದಂತೆ ಡೆಪಾ ಎಣ್ಣೆ. ಕೈಕಾಲಿಗೆ ಬಳಿದುಕೊಂಡು ದರಕು ಗುಡಿಸಲು ಹೋದರೆ, ಅರ್ಧ ಬುಟ್ಟಿ ತುಂಬುವುದರೊಳಗೆ ಬೆವರಿನ ಜೊತೆ ಇಳಿದು ಚಪ್ಪಲಿ ಸೇರುತ್ತದೆ. ಚಪ್ಪಲಿಗೆ ಈವರೆಗೆ ಜ್ವರ ಬಂದಿಲ್ಲ.

ಎಳ್ಳುಕಾಳಿನಷ್ಟಿರುವ ಮರಿ ಉಣುಗಿನ ಹಾವಳಿ ಡಿಸೆಂಬರಿನಿಂದ ಮೇ ತನಕ. ಆಗ ಮಂಗ ಸಾಯುತ್ತದೆ, ಸುತ್ತ ಕೀಟನಾಶಕದ ಪುಡಿ ಎರಚುತ್ತಾರೆ, ಸಭೆ ಕೂರುತ್ತದೆ, ಕಡತ ಏಳುತ್ತದೆ. (ಸಂಬಳವಿಲ್ಲದೆ, ಪ್ರಾಣ ಕೊಟ್ಟು ವರದಿ ಒಪ್ಪಿಸುವ ಸಿಬ್ಬಂದಿ ನಿಮ್ಮಲ್ಲಿ ಮಂಗ ಬಿಟ್ಟರೆ ಇನ್ನೊಬ್ಬರಿಲ್ಲ.) ಅಷ್ಟರಲ್ಲಿ ಮಾರ್ಚ್ 31, ದುಡ್ಡಿನ ವರ್ಷವೇ ಮುಗಿಯಿತು. ಮಳೆ ಹಿಡಿದ ಮೇಲೆ ಜ್ವರವಿಲ್ಲ, ಜ್ವರವಿಲ್ಲದ ಮೇಲೆ ಕಡತಕ್ಕೇನು ಕೆಲಸ? ಉಣುಗಿಗೆ ಮಾತ್ರ ಆಗಲೇ ಸುಗ್ಗಿ. ಬಲಿತದ್ದು ದನದ ಮೈಗೆ ಕಚ್ಚಿಕೊಂಡು ರಕ್ತ ಕುಡಿದು, ಉದುರಿ ಬಿದ್ದು, ದರಕಿನಡಿ ರಾಶಿ ರಾಶಿ ಮೊಟ್ಟೆಯಿಡುತ್ತದೆ. ಆಗ ಕಾಡಿಗಿಳಿದು ಅದರ ಸಂಸಾರ ಓದಬೇಕಾದ ಸಂಶೋಧಕ ಹುಡುಗನ ಗುತ್ತಿಗೆ ಮುಗಿದಿರುತ್ತದೆ.

ಕಂಪನಿಗಳನ್ನು ಕೇಳಿ ಎನ್ನಬೇಡಿ. ಕಾಡಂಚಿನ ಕೆಲವು ನೂರು ಜನರ ಜ್ವರದಲ್ಲಿ ಯಾರಿಗೆ ಲಾಭವಿದೆ? ನೂರರಲ್ಲಿ ಮೂರ್ನಾಲ್ಕು ಮಂದಿ ಸತ್ತರಂತೂ ಗಿರಾಕಿಗಳು ಇನ್ನೂ ಕಡಿಮೆ. ಹಾಗಾಗಿ ಸರ್ಕಾರದ ದುಡ್ಡು ಬಿಟ್ಟರೆ ನಮಗೆ ಗತಿಯಿಲ್ಲ.

ವರ್ಷವಿಡೀ ದುಡ್ಡು ಹರಿಸಲು ನಿಯಮ ಅಡ್ಡ ಬರುವುದಾದರೆ ಇಷ್ಟು ಮಾಡಿ: ಏಪ್ರಿಲ್ 1ರಿಂದ ಕಚ್ಚಲು ಪೂರ್ವಾನುಮತಿ ಕಡ್ಡಾಯವೆಂದು ಉಣುಗುಗಳಿಗೇ ಒಂದು ಸುತ್ತೋಲೆ ಹೊರಡಿಸಿ. ಕನ್ನಡದಲ್ಲೇ ಇರಲಿ, ಅವು ಇಲ್ಲಿಯವೇ.

ಇಂತಿ,
ಸಾಗರ ಕಡೆಯ ಒಬ್ಬ ಅಡಿಕೆ ಬೆಳೆಗಾರ